ಆನ್‌ಲೈನ್ ಕೆವೈಸಿ: ಗುರುತಿನ ದಾಖಲೆ, ಸೆಲ್ಫಿ, ವಿಡಿಯೊ ಕರೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕ್ ಖಾತೆ, ಡಿಮ್ಯಾಟ್, ಸಾಲದ ಆ್ಯಪ್, ಯಾವುದಕ್ಕೇ ಆಗಲಿ ಈಗ ಮನೆಯಲ್ಲೇ ಕೂತು ಗುರುತು ತೋರಿಸುವ ಕಾಲ. ಗ್ರಾಹಕರು ಯಾರೆಂದು ಸಂಸ್ಥೆ ಖಚಿತಪಡಿಸಿಕೊಳ್ಳುವ ಈ ಕೆಲಸವೇ ಕೆವೈಸಿ. ಗ್ರಾಹಕರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಮೊದಲ ಭಾಗ ಖಾತೆ ತೆರೆಯುವವರಿಗೆ, ನಡುವಿನದು ದಾಖಲೆಗಳ ಸುರಕ್ಷತೆಗೆ, ಕೊನೆಯದು ಒಳಗಿನ ಕೆಲಸ ತಿಳಿಯಬೇಕೆನ್ನುವವರಿಗೆ.

## ಮೊದಲ ಸಲ ಮಾಡುವವರಿಗೆ

ಆಧಾರ್ ನಂಬರ್, ಒಟಿಪಿ ಎಲ್ಲಾ ಕೊಟ್ಟಾಯ್ತು. ಮತ್ತೆ ಸೆಲ್ಫಿ ಯಾಕೆ ಬೇಕು?

ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಈ ದಾಖಲೆ ಅಸಲಿಯೇ? ದಾಖಲೆಯಲ್ಲಿರುವ ವ್ಯಕ್ತಿಯೇ ಈಗ ಅರ್ಜಿ ಹಾಕುತ್ತಿರುವವರೇ? ಅವರು ಈ ಕ್ಷಣದಲ್ಲಿ ನಿಜವಾಗಿ ಕ್ಯಾಮೆರಾ ಮುಂದೆ ಇದ್ದಾರೆಯೇ? ಒಟಿಪಿ ಬಂತು ಎಂದರೆ ಆಧಾರ್‌ಗೆ ಜೋಡಿಸಿದ ಸಿಮ್ ನಿಮ್ಮ ಕೈಯಲ್ಲಿದೆ ಎಂದಷ್ಟೇ ಅರ್ಥ. ಮಗನ ಕೈಯಲ್ಲಿ ಅಪ್ಪನ ಫೋನ್ ಇದ್ದರೂ ಒಟಿಪಿ ಬರುತ್ತದೆ. ಸೆಲ್ಫಿಯಿಂದ ಎರಡನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ತಲೆ ತಿರುಗಿಸಿ, ಮುಗುಳ್ನಗಿ, ಪರದೆಯ ಮೇಲಿನ ಅಂಕಿ ಓದಿ ಎಂದು ಹೇಳಿಸುವುದು ಮೂರನೆಯದಕ್ಕೆ.

ಆಧಾರ್ ಒಟಿಪಿ ಕೆವೈಸಿ, ವಿಡಿಯೊ ಕೆವೈಸಿ ಎರಡೂ ಒಂದೇ ಅಲ್ವಾ?

ಅಲ್ಲ. ಬ್ಯಾಂಕಿನವರು ಬಾಯಿಬಿಟ್ಟು ಹೇಳದೆ ಜನ ಹೆಚ್ಚು ತೊಂದರೆಗೆ ಸಿಲುಕುವುದು ಇಲ್ಲೇ. ಬರೀ ಆಧಾರ್ ಒಟಿಪಿಯಿಂದ ದೂರದಲ್ಲೇ ಕೂತು ತೆರೆದ ಖಾತೆಗೆ ಆರ್‌ಬಿಐ ಮಿತಿ ಹಾಕಿದೆ. ಎಲ್ಲ ಠೇವಣಿ ಖಾತೆ ಸೇರಿ ಯಾವಾಗಲೂ ಬಾಕಿ 1 ಲಕ್ಷ ರೂಪಾಯಿ ದಾಟಬಾರದು. ಒಂದು ಹಣಕಾಸು ವರ್ಷದಲ್ಲಿ ಒಟ್ಟು ಜಮೆ 2 ಲಕ್ಷ ಮೀರಬಾರದು. ಅವಧಿ ಸಾಲವಾದರೆ ವರ್ಷಕ್ಕೆ 60,000 ರೂಪಾಯಿ. ಒಂದು ವರ್ಷದೊಳಗೆ ಪೂರ್ಣ ಕೆವೈಸಿ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಸಂಬಳ ಬಂದ ದಿನವೇ ಖಾತೆ ಸ್ಥಗಿತವಾಯಿತು ಎನ್ನುವವರಲ್ಲಿ ಅನೇಕರದು ಇಂಥ ಖಾತೆ.

ವಿಡಿಯೊ ಕೆವೈಸಿಗೆ ಆರ್‌ಬಿಐ ಅನುಮತಿ ಕೊಟ್ಟದ್ದು 2020ರ ಜನವರಿಯಲ್ಲಿ. ಬ್ಯಾಂಕಿನ ತರಬೇತಾದ ಅಧಿಕಾರಿಯೇ ನೇರ ಕರೆಯಲ್ಲಿ ನಿಮ್ಮನ್ನು ನೋಡಿ, ಮಾತನಾಡಿಸಿ ಮುಗಿಸುವ ಕೆಲಸ ಅದು. ಶಾಖೆಗೆ ಹೋಗಿ ಮಾಡಿಸಿದ್ದಕ್ಕೆ ಅದು ಸಮ, ಮೇಲಿನ ಮಿತಿಗಳು ಅದಕ್ಕೆ ಅನ್ವಯಿಸುವುದಿಲ್ಲ. ಒಟಿಪಿಯಲ್ಲಿ ಖಾತೆ ತೆರೆದಿದ್ದರೆ ಆ್ಯಪ್‌ನಲ್ಲಿ "ಪೂರ್ಣ ಕೆವೈಸಿ" ಎಂಬ ಆಯ್ಕೆ ಹುಡುಕಿ, ಈ ವಾರವೇ ಮುಗಿಸಿಬಿಡಿ.

ವಿಡಿಯೊ ಕೆವೈಸಿಗೆ ಕೂರುವ ಮುಂಚೆ ಏನೇನು ಇಟ್ಟುಕೊಂಡಿರಬೇಕು?

ಅಸಲಿ ಪ್ಯಾನ್ ಕಾರ್ಡ್, ಆಧಾರ್‌ಗೆ ಜೋಡಿಸಿದ ಸಿಮ್ ಇರುವ ಫೋನ್, ಒಂದು ಬಿಳಿ ಹಾಳೆ, ನೀಲಿ ಅಥವಾ ಕಪ್ಪು ಇಂಕಿನ ಪೆನ್ನು (ಕೆಲವರು ಸಹಿ ಮಾಡಿ ತೋರಿಸಲು ಹೇಳುತ್ತಾರೆ). ಇ-ಪ್ಯಾನ್ ಅನ್ನು ಪ್ರಿಂಟ್ ತೆಗೆಸಿ ತೋರಿಸಿದರೆ ನಡೆಯುವುದಿಲ್ಲ, ನಿಯಮವೇ ಹಾಗಿದೆ. ಪ್ಲಾಸ್ಟಿಕ್ ಕಾರ್ಡ್ ಇಲ್ಲದವರು ಇ-ಪ್ಯಾನ್ ಕಡತವನ್ನೋ ಡಿಜಿಲಾಕರ್‌ನಲ್ಲಿರುವ ಪ್ಯಾನನ್ನೋ ಆ್ಯಪ್ ಮೂಲಕವೇ ಕೊಡಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

ಫೋನಿನಲ್ಲಿ ಲೊಕೇಶನ್ ಆನ್ ಇರಲಿ, ವಿಪಿಎನ್ (ನೀವಿರುವ ಜಾಗ ಮರೆಮಾಚುವ ತಂತ್ರಾಂಶ) ಆಫ್ ಇರಲಿ. ನೀವು ಭಾರತದೊಳಗೆ ಇದ್ದೀರಿ ಎನ್ನುವುದು ಜಿಪಿಎಸ್ ಗುರುತಿನೊಂದಿಗೆ ದಾಖಲಾಗಬೇಕು. ಕರೆ ನಡುವೆ ಕಡಿದರೆ ಬಿಟ್ಟ ಕಡೆಯಿಂದ ಮುಂದುವರಿಸುವಂತಿಲ್ಲ, ಮೊದಲಿನಿಂದ ಶುರು. ಹಾಗಾಗಿ ಸಿಗ್ನಲ್ ಚೆನ್ನಾಗಿ ಬರುವ ಜಾಗ ನೋಡಿಕೊಂಡು ಕೂರಿ, ಬೇರೆ ಕರೆ ಬರದಂತೆ ಮಾಡಿಕೊಳ್ಳಿ.

ಪ್ಯಾನ್ ಹಿಡಿಯುವಾಗ ಹೆಬ್ಬೆರಳು ಸಾಮಾನ್ಯವಾಗಿ ನಂಬರಿನ ಕೊನೆಯ ಅಕ್ಷರದ ಮೇಲೋ ಹುಟ್ಟಿದ ದಿನಾಂಕದ ಮೇಲೋ ಬೀಳುತ್ತದೆ. ಕಾರ್ಡಿನ ಎರಡು ಅಂಚುಗಳನ್ನಷ್ಟೇ ಬೆರಳ ತುದಿಯಲ್ಲಿ ಹಿಡಿದು, ಕ್ಯಾಮೆರಾದಿಂದ ಒಂದು ಗೇಣು ದೂರದಲ್ಲಿ ಎರಡು ಸೆಕೆಂಡ್ ಅಲುಗಾಡಿಸದೆ ನಿಲ್ಲಿಸಿ. ಹತ್ತಿರ ತಂದಷ್ಟೂ ಸ್ಪಷ್ಟ ಎನ್ನುವುದು ತಪ್ಪು. ತೀರಾ ಹತ್ತಿರವಾದರೆ ಫೋಕಸ್ ಕೂರುವುದೇ ಇಲ್ಲ.

ಸೆಲ್ಫಿ ಐದಾರು ಸಲ ತೆಗೆದ್ರೂ ರಿಜೆಕ್ಟ್ ಆಗ್ತಿದೆ. ಏನು ತಪ್ಪು?

ಮೊದಲ ಕಾರಣ ಬೆಳಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗುತ್ತದೆ. ಕಿಟಕಿಗೆ ಎದುರಾಗಿ ಕೂರಿ. ರಾತ್ರಿಯಾದರೆ ಟ್ಯೂಬ್‌ಲೈಟ್ ನೆತ್ತಿಯ ಮೇಲಲ್ಲ, ಮುಖದ ಮುಂದಿರಲಿ. ಎರಡನೆಯದು ಲೆನ್ಸ್. ಜೇಬಿನಲ್ಲಿಟ್ಟ ಫೋನಿನ ಮುಂದಿನ ಕ್ಯಾಮೆರಾ ಮೇಲೆ ಎಣ್ಣೆ ಜಿಡ್ಡು ಕೂತಿರುತ್ತದೆ, ಬಟ್ಟೆಯಲ್ಲಿ ಒರೆಸಿ. ಫೋನಿನ "ಬ್ಯೂಟಿ" ಫಿಲ್ಟರ್ ಆಫ್ ಮಾಡಿ, ಚರ್ಮ ನುಣುಪು ಮಾಡುವ ಆ ಫಿಲ್ಟರ್‌ನಿಂದಾಗಿ ಯಂತ್ರಕ್ಕೆ ನಿಮ್ಮ ಮುಖ ಚಿತ್ರದಂತೆ ಕಾಣುತ್ತದೆ. ಕನ್ನಡಕ, ಟೋಪಿ, ಮಾಸ್ಕ್ ತೆಗೆಯಿರಿ. ಕುಂಕುಮ, ವಿಭೂತಿ, ಮೂಗುತಿ ತೆಗೆಯಬೇಕಿಲ್ಲ. ಹಿಂದೆ ಗೋಡೆಯ ಮೇಲೆ ಅಜ್ಜನ ಫೋಟೊ ಇದ್ದರೆ ಜಾಗ ಬದಲಿಸಿ, ಒಂದೇ ಚೌಕಟ್ಟಿನಲ್ಲಿ ಎರಡು ಮುಖ ಕಂಡರೆ ಯಂತ್ರ ನಿಲ್ಲಿಸಿಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಆಗದಿದ್ದರೆ ತೊಂದರೆ ಸೆಲ್ಫಿಯಲ್ಲಲ್ಲ, ಹೋಲಿಸುವ ಹಳೆಯ ಫೋಟೊದಲ್ಲಿರಬಹುದು. ಹತ್ತು ವರ್ಷದ ಹಿಂದೆ ಶಾಲೆಯ ಜಗಲಿಯಲ್ಲಿ ಕೂರಿಸಿ ತೆಗೆದ ಆಧಾರ್ ಫೋಟೊ ಇಂದಿನ ಮುಖಕ್ಕೆ ಹೊಂದದಿರುವುದು ಸಹಜ. ಆಧಾರ್ ಕೇಂದ್ರದಲ್ಲಿ ಫೋಟೊ ನವೀಕರಿಸಿಕೊಳ್ಳಿ. ಒಂದೇ ದಿನ ಹತ್ತಾರು ಸಲ ಪ್ರಯತ್ನಿಸಬೇಡಿ. ಹಲವು ಆ್ಯಪ್‌ಗಳು ಅದನ್ನೇ ಅನುಮಾನದ ಲಕ್ಷಣವೆಂದು ಎಣಿಸಿ ತಡೆಹಿಡಿಯುತ್ತವೆ.

ಪ್ಯಾನ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. "ಹೆಸರು ಹೊಂದುತ್ತಿಲ್ಲ" ಅಂತ ಬರ್ತಿದೆ. ಏನ್ಮಾಡೋದು?

ಕರ್ನಾಟಕದವರಿಗೆ ಇದು ತಪ್ಪದ ಕಾಟ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಮ್ಮಲ್ಲಿ ಹೆಸರಿನ ಹಿಂದೋ ಮುಂದೋ ಊರಿನ, ತಂದೆಯ ಹೆಸರಿನ ಮೊದಲಕ್ಷರ ಇಡುತ್ತೇವೆ. ಪ್ಯಾನ್ ಅರ್ಜಿಯಲ್ಲಿ ಸರ್‌ನೇಮ್ ಜಾಗಕ್ಕೆ ಬರೀ ಇನಿಷಿಯಲ್ ಒಪ್ಪುವುದಿಲ್ಲ. ಹೀಗಾಗಿ ಆಧಾರ್‌ನಲ್ಲಿ "ಮಂಜುನಾಥ ಕೆ ಎಸ್" ಆಗಿದ್ದವರು ಪ್ಯಾನ್‌ನಲ್ಲಿ "ಕಡೂರು ಶಿವಣ್ಣ ಮಂಜುನಾಥ್" ಆಗಿರುತ್ತಾರೆ. ಇದರ ಮೇಲೆ ಕಾಗುಣಿತದ ಗೊಂದಲ. ಇಂಗ್ಲಿಷ್‌ನಲ್ಲಿ ಬರೆಯುವಾಗ ಮಂಜುನಾಥದ ಕೊನೆಗೆ "ಎ" ಇದೆಯೋ ಇಲ್ಲವೋ, ಲಕ್ಷ್ಮಿ "ಐ"ಯಲ್ಲಿ ಮುಗಿಯುತ್ತಾಳೋ "ವೈ"ಯಲ್ಲೋ, ಗೌಡ ಬೇರೆ ಪದವೋ ಹೆಸರಿಗೆ ಅಂಟಿಕೊಂಡಿದೆಯೋ. ನಮಗೆ ಇವೆಲ್ಲ ಒಂದೇ, ಅಕ್ಷರ ಎಣಿಸುವ ತಂತ್ರಾಂಶಕ್ಕೆ ಅಲ್ಲ.

ಮೊದಲು ಯಾವ ದಾಖಲೆಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೋ ಪಾಸ್‌ಪೋರ್ಟೋ ಇದ್ದರೆ ಅದರಲ್ಲಿರುವಂತೆಯೇ ಉಳಿದವನ್ನು ತಿದ್ದಿಸುವುದು ಜಾಣತನ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಬಹುದು. ಅವಸರದಲ್ಲಿ ಆ ಅವಕಾಶ ಕಳೆದುಕೊಳ್ಳಬೇಡಿ. ಬರೀ ಇನಿಷಿಯಲ್ ವ್ಯತ್ಯಾಸವಾದರೆ ತಿದ್ದಿಸುವ ಮೊದಲು, ಅಧಿಕಾರಿಯೇ ನೋಡಿ ತೀರ್ಮಾನಿಸುವ ಕೈ ಪರಿಶೀಲನೆಗೆ ಕಳಿಸಿ ಎಂದು ಕೇಳಿ. ಮದುವೆಯ ನಂತರ ಹೆಸರು ಬದಲಾದವರಿಗೆ ರಾಜ್ಯ ಸರ್ಕಾರದ ವಿವಾಹ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆ ಸಾಕು, ಹಳೆಯ ಹೆಸರಿನ ದಾಖಲೆಯ ಜೊತೆ ಅದನ್ನು ಸೇರಿಸಿ ಕೊಡಬೇಕು.

ಜನ್ಮದಿನಾಂಕದಲ್ಲೂ ಇಂಥದ್ದೇ ಸಮಸ್ಯೆ. ಹಿರಿಯರ ಆಧಾರ್‌ನಲ್ಲಿ ಬರೀ ಇಸವಿ ಮಾತ್ರ ಇರುತ್ತದೆ, ಇಲ್ಲವೇ ಜನವರಿ 1 ಎಂದಿರುತ್ತದೆ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿರುತ್ತದೆ. ಪ್ಯಾನ್‌ನಲ್ಲಿರುವುದಕ್ಕೆ ಇದನ್ನು ಹೊಂದಿಸಿಕೊಂಡ ಮೇಲೆ ಅರ್ಜಿ ಹಾಕಿ.

ಆಧಾರ್‌ಗೆ ಕೊಟ್ಟ ನಂಬರ್ ಈಗ ನನ್ನ ಹತ್ರ ಇಲ್ಲ.

ಹಾಗಿದ್ದರೆ ಒಟಿಪಿ ಬೇಕಿರುವ ಯಾವ ದಾರಿಯೂ ನಡೆಯುವುದಿಲ್ಲ. ಅಂಚೆ ಕಚೇರಿ ಅಥವಾ ಬ್ಯಾಂಕ್ ಶಾಖೆಯಲ್ಲಿರುವ ಆಧಾರ್ ಕೇಂದ್ರಕ್ಕೆ ಹೋಗಿ. ನಂಬರ್ ಬದಲಿಸಲು ದಾಖಲೆ ಬೇಡ, ಬೆರಳಚ್ಚು ಸಾಕು. ಹೊಲದ ಕೆಲಸ, ಗಾರೆ ಕೆಲಸ ಮಾಡಿ ಬೆರಳ ಗೆರೆ ಸವೆದವರು ಕಣ್ಣಿನ ಪಾಪೆಯಿಂದ ಗುರುತಿಸಿ ಎಂದು ಕೇಳಬಹುದು. ಬಿಟ್ಟುಹೋದ ಸಿಮ್ ಕೆಲವು ತಿಂಗಳ ಮೇಲೆ ಬೇರೊಬ್ಬರಿಗೆ ಹಂಚಿಕೆಯಾಗುತ್ತದೆ, ಆಮೇಲೆ ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ. ಆದ್ದರಿಂದ ಖಾತೆ ತೆರೆಯುವ ಅಗತ್ಯ ಇಲ್ಲದಿದ್ದರೂ ಈ ಕೆಲಸ ಬಾಕಿ ಇಡಬೇಡಿ.

ಇರೋದು ಬೆಂಗಳೂರಲ್ಲಿ ಬಾಡಿಗೆ ಮನೆ, ಆಧಾರ್‌ನಲ್ಲಿ ಊರಿನ ವಿಳಾಸ. ಬೆಸ್ಕಾಂ ಬಿಲ್ ಮನೆ ಮಾಲೀಕರ ಹೆಸರಲ್ಲಿದೆ.

ಆಧಾರ್ ಕೊಟ್ಟು ಕೆವೈಸಿ ಮಾಡಿಸಿದಾಗ ಈಗಿನ ವಿಳಾಸ ಬೇರೆಯಿದ್ದರೆ ಸ್ವಯಂ ಘೋಷಣೆ ಕೊಡಬಹುದು ಎಂದು ಆರ್‌ಬಿಐ ನಿಯಮದಲ್ಲೇ ಇದೆ. ವಿಡಿಯೊ ಕರೆಯಲ್ಲಿ ಅಧಿಕಾರಿ ಈಗಿನ ವಿಳಾಸಕ್ಕೆ ಸೂಕ್ತ ದಾಖಲೆ ಕೇಳಬಹುದು, ಬಾಡಿಗೆ ಕರಾರು ಪತ್ರ ಕೈಯಲ್ಲಿರಲಿ. ಆಧಾರ್ ಬಿಟ್ಟು ಪಾಸ್‌ಪೋರ್ಟ್, ಡಿಎಲ್ ಕೊಟ್ಟವರಿಗೆ ನಿಯಮ ಬೇರೆ. ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್, ನೀರು, ಪೋಸ್ಟ್‌ಪೇಯ್ಡ್ ಮೊಬೈಲ್ ಅಥವಾ ಪೈಪ್ ಗ್ಯಾಸ್ ಬಿಲ್ ಕೊಟ್ಟು, ಮೂರು ತಿಂಗಳೊಳಗೆ ಹೊಸ ವಿಳಾಸವಿರುವ ಅಧಿಕೃತ ದಾಖಲೆ ಒದಗಿಸಬೇಕು. ಸ್ವಂತ ಹೆಸರಿನ ಪೋಸ್ಟ್‌ಪೇಯ್ಡ್ ಬಿಲ್ ಬಾಡಿಗೆದಾರರಿಗೆ ಸುಲಭದ ದಾರಿ.

ಅಮ್ಮನಿಗೆ ಇಂಗ್ಲಿಷ್, ಹಿಂದಿ ಬರಲ್ಲ. ನಾನು ಪಕ್ಕದಲ್ಲಿ ಕೂತು ಹೇಳಿಕೊಡಬಹುದಾ?

ಬೇಡ. ಗ್ರಾಹಕರಿಗೆ ಬೇರೆ ಯಾರೋ ಉತ್ತರ ಹೇಳಿಕೊಡುತ್ತಿದ್ದಾರೆ ಎಂದು ಕಂಡರೆ ಅಧಿಕಾರಿ ಅರ್ಜಿ ತಿರಸ್ಕರಿಸಲೇಬೇಕು. ಬೆದರಿಸಿ ಕೂರಿಸಿ ಖಾತೆ ತೆರೆಸುವವರನ್ನು ತಡೆಯಲು ಮಾಡಿದ ನಿಯಮ ಅದು. ಪ್ರೀತಿಯಿಂದ ಹೇಳಿಕೊಟ್ಟರೂ ಪರದೆಯಾಚೆಗೆ ಅದು ಗೊತ್ತಾಗುವುದಿಲ್ಲ. ಕರೆಗೆ ಮೊದಲು ಫೋನ್ ಹಿಡಿಯುವುದು, ಕಾರ್ಡ್ ತೋರಿಸುವುದು ಅಭ್ಯಾಸ ಮಾಡಿಸಿ. ಭಾಷೆಯ ಆಯ್ಕೆಯಲ್ಲಿ ಕನ್ನಡ ಆರಿಸಿ. ಆ ಆಯ್ಕೆ ಇಲ್ಲದಿದ್ದರೆ ಕರೆ ಶುರುವಾದೊಡನೆ "ಕನ್ನಡದಲ್ಲಿ ಮಾತಾಡಿ" ಎಂದು ಅಮ್ಮನೇ ಕೇಳಲಿ, ಅಧಿಕಾರಿ ಬೇರೆಯವರಿಗೆ ವರ್ಗಾಯಿಸುತ್ತಾರೆ ಅಥವಾ ಮತ್ತೊಂದು ಸಮಯ ಕೊಡುತ್ತಾರೆ. ಅದೂ ಆಗದಿದ್ದರೆ ಶಾಖೆಗೋ ಊರಿನ ಬ್ಯಾಂಕ್ ಮಿತ್ರರ ಬಳಿಗೋ ಹೋಗುವುದೇ ಒಳ್ಳೆಯದು.

ತಂದೆಗೆ ದೃಷ್ಟಿ ಇಲ್ಲ. "ಕಣ್ಣು ಮಿಟುಕಿಸಿ" ಅಂತ ಬಂದಲ್ಲೇ ನಿಂತುಬಿಡುತ್ತೆ. ಬ್ಯಾಂಕ್‌ನವರು ಆಗಲ್ಲ ಅಂತಾರೆ.

ಆಗಲ್ಲ ಎನ್ನುವಂತಿಲ್ಲ. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿ ಇಲ್ಲದವರು ತಂದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಕೆವೈಸಿಯನ್ನು ಎಲ್ಲರಿಗೂ ಎಟುಕುವಂತೆ ಮಾಡಲು 20 ನಿರ್ದೇಶನಗಳನ್ನು ನೀಡಿತು. ಕಣ್ಣು ಮಿಟುಕಿಸುವುದೊಂದೇ ಜೀವಂತಿಕೆಯ ಸಾಕ್ಷಿಯಾಗಬಾರದು ಎಂಬುದು ಅದರ ತಿರುಳು. ಅದೇ ವರ್ಷ ಆರ್‌ಬಿಐ ಕೂಡ ಲೈವ್‌ನೆಸ್ (ಜೀವಂತಿಕೆಯ) ಪರೀಕ್ಷೆಯ ಹೆಸರಿನಲ್ಲಿ ವಿಶೇಷ ಅಗತ್ಯವಿರುವವರನ್ನು ಹೊರಗಿಡಬಾರದು ಎಂದು ನಿಯಮ ತಿದ್ದಿತು.

ಬ್ಯಾಂಕಿಗೆ ಲಿಖಿತವಾಗಿ ಬರೆಯಿರಿ. ಅಂಗವೈಕಲ್ಯದ ವಿವರ, ಎಲ್ಲಿ ನಿಂತಿತು, ಪರದೆಯ ಮೇಲೆ ಬಂದ ಸಂದೇಶದ ಚಿತ್ರ, ಬದಲಿ ವಿಧಾನದ ಕೋರಿಕೆ, ಇಷ್ಟೂ ಇರಲಿ. 30 ದಿನದೊಳಗೆ ಪರಿಹಾರ ಸಿಗದಿದ್ದರೆ ಬ್ಯಾಂಕ್ ದೂರುಗಳನ್ನು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಆರ್‌ಬಿಐನ ದೂರು ತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ಉಚಿತವಾಗಿ ದೂರು ಕೊಡಬಹುದು, ಸಹಾಯಕ್ಕೆ 14448.

ನಾನು ದುಬೈಯಲ್ಲಿದ್ದೀನಿ. ಇಲ್ಲಿಂದಲೇ ಊರಿನ ಬ್ಯಾಂಕ್‌ಗೆ ವಿಡಿಯೊ ಕೆವೈಸಿ ಮಾಡಬಹುದಾ?

ಆರ್‌ಬಿಐ ನಿಯಮದ ವಿಡಿಯೊ ಕೆವೈಸಿಗೆ ನೀವು ಭಾರತದ ನೆಲದಲ್ಲೇ ಇರಬೇಕು. ವಿದೇಶಿ ಐಪಿ ವಿಳಾಸವನ್ನು ವ್ಯವಸ್ಥೆಯೇ ತಡೆಯುತ್ತದೆ. ವಿಪಿಎನ್ ಹಾಕಿ ದಾಟಲು ನೋಡಿದರೆ ಅರ್ಜಿ ಅನುಮಾನದ ಪಟ್ಟಿಗೆ ಹೋಗುತ್ತದೆ. ಅಲ್ಲಿಂದ ಮಾಡುವುದಾದರೆ ದಾಖಲೆಯ ಪ್ರತಿಗಳನ್ನು ಭಾರತೀಯ ದೂತಾವಾಸ, ನೋಟರಿ ಅಥವಾ ಭಾರತದಲ್ಲಿ ನೋಂದಾಯಿತ ಬ್ಯಾಂಕಿನ ಅಲ್ಲಿನ ಶಾಖೆಯ ಅಧಿಕಾರಿಯಿಂದ ದೃಢೀಕರಿಸಿ ಕಳಿಸಬೇಕು. ರಜೆಗೆ ಊರಿಗೆ ಬಂದಾಗ ಮುಗಿಸಿಕೊಂಡರೆ ಓಡಾಟ ಕಡಿಮೆ.

## ದಾಖಲೆ ಮತ್ತು ಮುಖ ಕಾಪಾಡಿಕೊಳ್ಳಲು

ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡ್ತಾ ಹೋಗಬಹುದಾ?

2022ರ ಮೇ 27ರಂದು ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಜೆರಾಕ್ಸ್ ಕೊಡಬೇಡಿ, ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿಯಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಿತು. ಪ್ರಕಟಣೆ ಹೋದರೂ ಸಲಹೆಯಲ್ಲಿ ಹುರುಳಿದೆ. ಮಾಸ್ಕ್ಡ್ ಆಧಾರ್‌ನಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಮೈಆಧಾರ್ ತಾಣದಲ್ಲಿ ಇಳಿಸಿಕೊಳ್ಳುವಾಗ ಆ ಆಯ್ಕೆ ಗುರುತು ಮಾಡಿ. ಕಡತದ ಪಾಸ್‌ವರ್ಡ್ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ. ಹೆಸರು ಇನಿಷಿಯಲ್‌ನಿಂದ ಶುರುವಾಗಿ ಚುಕ್ಕಿ ಇದ್ದರೆ ಚುಕ್ಕಿಯೂ ಒಂದು ಅಕ್ಷರವೇ, ಹಲವರು ಎಡವುವುದು ಆ ಚುಕ್ಕಿಯಲ್ಲಿ.

ಜೆರಾಕ್ಸ್ ಕೊಡಲೇಬೇಕಾದಲ್ಲಿ ಅಕ್ಷರಗಳ ಮೇಲೇ ಹಾದುಹೋಗುವಂತೆ ದಿನಾಂಕ, ಯಾರಿಗೆ, ಯಾವ ಕೆಲಸಕ್ಕೆ ಎಂದು ಬರೆದು ಸಹಿ ಹಾಕಿ.

ಆಧಾರ್ ಕೊಡದೆ ಖಾತೆ ತೆರೆಯೋಕೆ ಆಗಲ್ವಾ?

ಆಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಬ್ಯಾಂಕ್ ಖಾತೆ ಮತ್ತು ಸಿಮ್‌ಗೆ ಆಧಾರ್ ಜೋಡಣೆ ಕಡ್ಡಾಯ ಮಾಡಿದ್ದನ್ನು ರದ್ದು ಮಾಡಿತು. 2019ರ ತಿದ್ದುಪಡಿಯ ನಂತರ ಗ್ರಾಹಕರು ಸ್ವಇಚ್ಛೆಯಿಂದ ಕೊಡಬಹುದು. ಪಾಸ್‌ಪೋರ್ಟ್, ಡಿಎಲ್, ಮತದಾರರ ಚೀಟಿ, ಅಧಿಕಾರಿಯ ಸಹಿಯಿರುವ ನರೇಗಾ ಜಾಬ್ ಕಾರ್ಡ್ ಇವೂ ಅಧಿಕೃತ ದಾಖಲೆಗಳೇ. ಆದರೆ ಸರ್ಕಾರದ ಸಹಾಯಧನ ಆ ಖಾತೆಗೆ ಬರಬೇಕಾದರೆ ಆಧಾರ್ ಬೇಕು. ಪೂರ್ತಿ ಆನ್‌ಲೈನ್ ಆಗಿರುವ ಹಲವು ಆ್ಯಪ್‌ಗಳು ಆಧಾರ್ ಬಿಟ್ಟರೆ ಬೇರೆ ದಾರಿಯನ್ನೇ ಕಟ್ಟಿಲ್ಲ, ಅಂಥಲ್ಲಿ ಶಾಖೆಗೆ ಹೋಗುವುದೇ ಉಳಿಯುವ ದಾರಿ.

"ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಈಗಲೇ ವಿಡಿಯೊ ಕಾಲ್‌ನಲ್ಲಿ ಮಾಡಿಸಿ" ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜಾನಾ?

ಅಲ್ಲ. ಅಸಲಿ ವಿಡಿಯೊ ಕೆವೈಸಿ ಬ್ಯಾಂಕಿನ ಸ್ವಂತ ಆ್ಯಪ್ ಅಥವಾ ತಾಣದೊಳಗೆ ನಡೆಯುತ್ತದೆ. ಅದನ್ನು ಶುರು ಮಾಡುವವರು ನೀವು. ಅದರಲ್ಲಿ ಎಟಿಎಂ ಪಿನ್, ಸಿವಿವಿ, ಯುಪಿಐ ಪಿನ್ ಕೇಳುವುದಿಲ್ಲ. ಪರದೆ ಹಂಚಿಕೊಳ್ಳಲು ಹೇಳುವುದಿಲ್ಲ. ಎಪಿಕೆ ಕಡತ (ತೆರೆದರೆ ಫೋನಿಗೆ ಆ್ಯಪ್ ಹಾಕುವ ಕಡತ) ಕಳಿಸುವುದಿಲ್ಲ. ಎಪಿಕೆ ತೆರೆದುಬಿಟ್ಟಿದ್ದರೆ ತಕ್ಷಣ ಡೇಟಾ, ವೈಫೈ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ಅದೇ ಗಳಿಗೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯಲು ಆ ಮೊದಲ ಒಂದೆರಡು ಗಂಟೆಯೇ ಮುಖ್ಯ.

ನಿಜವಾದ ಮರು ಕೆವೈಸಿ ಅಷ್ಟು ತುರ್ತಿನದಲ್ಲ. ಅಪಾಯದ ವರ್ಗ ನೋಡಿ 2, 8 ಅಥವಾ 10 ವರ್ಷಕ್ಕೊಮ್ಮೆ ಬರುತ್ತದೆ. ವಿವರ ಬದಲಾಗದಿದ್ದರೆ ನೋಂದಾಯಿತ ಮೊಬೈಲ್, ಇಮೇಲ್ ಅಥವಾ ಎಟಿಎಂನಲ್ಲೇ ಸ್ವಯಂ ಘೋಷಣೆ ಕೊಡಬಹುದು.

ನನ್ನ ಹೆಸರಲ್ಲಿ ಯಾರೋ ಸಾಲ ತೆಗೆದಿದ್ದಾರೆ ಅನಿಸುತ್ತೆ. ಹೇಗೆ ತಿಳಿಯೋದು?

ಜನರ ಸಾಲದ ಲೆಕ್ಕ ಇಡುವ ನಾಲ್ಕು ಕ್ರೆಡಿಟ್ ಬ್ಯೂರೊಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ನೀವು ತೆಗೆಯದ ಸಾಲವಿದ್ದರೆ ಬ್ಯೂರೊ ಮತ್ತು ಸಾಲ ಕೊಟ್ಟ ಸಂಸ್ಥೆ ಎರಡಕ್ಕೂ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನ ಸಿಮ್‌ಗಳ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನು ವರದಿ ಮಾಡಿ. ಮೈಆಧಾರ್‌ನಲ್ಲಿ ದೃಢೀಕರಣದ ಇತಿಹಾಸ ನೋಡಿ, ನಿಮ್ಮ ಬೆರಳಚ್ಚು, ಕಣ್ಣಿನ ಗುರುತು ಬೇರೆಯವರು ಬಳಸದಂತೆ ಬಯೊಮೆಟ್ರಿಕ್ ಲಾಕ್ ಹಾಕಿ.

ಪರಿಚಯದವರು ಕೇಳಿದ್ರು ಅಂತ ನನ್ನ ಮುಖ ತೋರಿಸಿ ಖಾತೆ ತೆರೆದು, ಎಟಿಎಂ ಕಾರ್ಡ್ ಅವರಿಗೆ ಕೊಟ್ಟೆ. ತೊಂದರೆ ಇದೆಯಾ?

ಇದೆ. ವಂಚನೆಯ ಹಣ ಹರಿಸಲು ಇಂಥ ಬಾಡಿಗೆ ಖಾತೆಗಳನ್ನೇ ಬಳಸುತ್ತಾರೆ. ಪೊಲೀಸರು ಮೊದಲು ಬರುವುದು ಖಾತೆಯಲ್ಲಿ ಹೆಸರಿರುವವರ ಮನೆಗೆ. ಇಂದೇ ಬ್ಯಾಂಕಿಗೆ ಬರೆದು ಖಾತೆ ನಿಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ.

## ಒಳಗೆ ಏನು ನಡೆಯುತ್ತದೆ

ಯಂತ್ರ ಎರಡು ಮುಖ ಒಂದೇ ಅಂತ ಹೇಗೆ ತೀರ್ಮಾನಿಸುತ್ತೆ?

ಪ್ರತಿ ಮುಖವನ್ನೂ ಒಂದು ಅಂಕಿಗಳ ಸಾಲಾಗಿ ಬದಲಿಸಿ, ಎರಡು ಸಾಲುಗಳು ಎಷ್ಟು ಹತ್ತಿರ ಎಂದು ಅಳೆಯುತ್ತದೆ. ಬರುವುದು ಒಂದು ಅಂಕ. ಎಷ್ಟು ಅಂಕ ಬಂದರೆ ಒಪ್ಪಬೇಕು ಎಂಬ ಗೆರೆ ಎಳೆಯುವುದು ಸಂಸ್ಥೆ. ಗೆರೆ ಮೇಲೇರಿಸಿದರೆ ಕಳ್ಳರ ಜೊತೆ ಅಸಲಿ ಗ್ರಾಹಕರೂ ಹೊರಗುಳಿಯುತ್ತಾರೆ. ಇಳಿಸಿದರೆ ಅಣ್ಣನ ಕಾರ್ಡಿನಲ್ಲಿ ತಮ್ಮ ಒಳಬರುತ್ತಾನೆ. ಆದ್ದರಿಂದ ಒಂದೇ ಗೆರೆ ಸಾಲದು. ನಡುವಿನ ಅಂಕಗಳನ್ನು ಮನುಷ್ಯರ ಕಣ್ಣಿಗೆ ಕಳಿಸುವ ವ್ಯವಸ್ಥೆ ಇರಲೇಬೇಕು.

ಎಲ್ಲ ಮುಖಗಳಿಗೂ ತಪ್ಪಿನ ಪ್ರಮಾಣ ಒಂದೇ ಅಲ್ಲ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅನೇಕ ತಂತ್ರಾಂಶಗಳು ಏಷ್ಯಾ ಮತ್ತು ಆಫ್ರಿಕಾ ಮೂಲದ ಬೇರೆ ಬೇರೆ ವ್ಯಕ್ತಿಗಳನ್ನು ಒಬ್ಬರೇ ಎಂದು ತಪ್ಪಾಗಿ ಹೇಳುವುದು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಿತ್ತು. ತಂತ್ರಾಂಶ ಕೊಳ್ಳುವ ಸಂಸ್ಥೆ ಮಾರಾಟಗಾರರ ಅಂಕಿ ನಂಬಿ ಕೂರದೆ, ಗ್ರಾಹಕರ ಒಪ್ಪಿಗೆ ಪಡೆದು ನಮ್ಮ ಜನರ, ನಮ್ಮ ಅಗ್ಗದ ಫೋನುಗಳ ಚಿತ್ರಗಳ ಮೇಲೇ ಪರೀಕ್ಷಿಸಬೇಕು.

ಫೋಟೊ ಹಿಡಿದು, ಡೀಪ್‌ಫೇಕ್ ಹಾಕಿ ಮೋಸ ಮಾಡೋಕೆ ಆಗಲ್ವಾ?

ಎರಡೂ ಬೇರೆ ಬಗೆಯ ದಾಳಿ. ಕ್ಯಾಮೆರಾ ಮುಂದೆ ಮುದ್ರಿತ ಫೋಟೊ, ಇನ್ನೊಂದು ಫೋನಿನ ಪರದೆ, ಮುಖವಾಡ ಹಿಡಿಯುವುದು ಒಂದು. ಕಾಗದದ ಅಂಚು, ಪರದೆಯ ಚುಕ್ಕಿ ಜಾಲ, ಬೆಳಕು ಚರ್ಮದ ಮೇಲೆ ಬೀಳುವ ರೀತಿ ನೋಡಿ ಇದನ್ನು ಹಿಡಿಯಬಹುದು. ಈ ಪರೀಕ್ಷೆಗೆ ಐಎಸ್‌ಒ 30107-3 ಎಂಬ ಮಾನದಂಡವಿದೆ. ಎರಡನೆಯದು ಕ್ಯಾಮೆರಾವನ್ನೇ ದಾಟಿ, ಡೀಪ್‌ಫೇಕ್‌ನಂಥ, ಅಂದರೆ ಕಂಪ್ಯೂಟರ್‌ನಲ್ಲಿ ತಯಾರಿಸಿದ ನಕಲಿ ವಿಡಿಯೊವನ್ನು ಹುಸಿ ಕ್ಯಾಮೆರಾ ತಂತ್ರಾಂಶದ ಮೂಲಕ ನೇರ ಆ್ಯಪ್‌ಗೆ ತುರುಕುವುದು. ಇಲ್ಲಿ ಮುಖ ಎಷ್ಟು ನೋಡಿದರೂ ಸುಳಿವು ಸಿಗದಿರಬಹುದು, ನೋಡಬೇಕಾದ್ದು ಫೋನನ್ನು. ರೂಟ್ ಮಾಡಿದ (ಒಳಗಿನ ಸುರಕ್ಷತಾ ತಡೆ ತೆಗೆದುಹಾಕಿದ) ಫೋನ್, ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ಫೋನಿನಂತೆ ನಟಿಸುವ ತಂತ್ರಾಂಶ), ಬ್ರೌಸರ್‌ನ ಹುಸಿ ಕ್ಯಾಮೆರಾ, ಒಂದೇ ಫೋನಿನಿಂದ ಹತ್ತು ಹೆಸರಿನ ಅರ್ಜಿಗಳು, ಇವೇ ಸುಳಿವುಗಳು. ಮಾರಾಟಗಾರರು ಮೊದಲನೆಯದರ ಪ್ರಮಾಣಪತ್ರ ತೋರಿಸಿ ಎರಡೂ ಆಯಿತು ಎನ್ನುವುದುಂಟು. ಒಪ್ಪಬೇಡಿ, ಎರಡನೆಯದರ ಪರೀಕ್ಷಾ ವರದಿ ಬೇರೆಯೇ ಕೇಳಿ.

ಕರೆ ಚೆನ್ನಾಗಿ ಮುಗೀತು. ಆದ್ರೂ ಖಾತೆ ಎರಡು ದಿನ ಯಾಕೆ ಚಾಲೂ ಆಗಲ್ಲ?

ಮತ್ತೊಬ್ಬರು ಆ ರೆಕಾರ್ಡಿಂಗ್ ನೋಡಿ ಒಪ್ಪಿದ ಮೇಲೆಯೇ ಖಾತೆ ಚಾಲೂ ಮಾಡಬೇಕೆಂದು ನಿಯಮವಿದೆ. ಅಧಿಕಾರಿ ಕೇಳಿದ ಪ್ರಶ್ನೆಗಳ ಕ್ರಮ ಬದಲಾಗಿತ್ತೇ, ಪ್ಯಾನ್ ಚಿತ್ರ ಸ್ಪಷ್ಟವೇ, ಆಧಾರ್ ಕ್ಯೂಆರ್ ಅಥವಾ ಎಕ್ಸ್‌ಎಂಎಲ್ (ಇಳಿಸಿಕೊಂಡ ಆಧಾರ್ ಕಡತ) ಮೂರು ಕೆಲಸದ ದಿನಕ್ಕಿಂತ ಹಳೆಯದೇ ಎಂದು ನೋಡುತ್ತಾರೆ.

ನಮ್ಮದು ಚಿಕ್ಕಮಗಳೂರಿನಲ್ಲಿ ಬಾಡಿಗೆ ಬೈಕ್ ಕೊಡೋ ಸಣ್ಣ ವ್ಯವಹಾರ. ಗ್ರಾಹಕರ ಆಧಾರ್ ಫೋಟೊ, ಸೆಲ್ಫಿ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಟ್ಟುಕೊಳ್ಳಬಹುದಾ?

ಹಾಗೆ ಮಾಡಬೇಡಿ. ಆಫ್‌ಲೈನ್ ಪರಿಶೀಲನೆ ಮಾಡುವವರು ಆಧಾರ್ ಸಂಖ್ಯೆ ಸಂಗ್ರಹಿಸುವಂತಿಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಅಲ್ಲದೆ ಫೋಟೊದಲ್ಲಿ ಬಂದ ಕಾರ್ಡನ್ನು ಹತ್ತು ನಿಮಿಷದಲ್ಲಿ ತಿದ್ದಬಹುದು, ಅದರಿಂದ ನಿಮಗೂ ರಕ್ಷಣೆಯಿಲ್ಲ.

ಬೈಕಿಗೆ ನಿಜವಾಗಿ ಬೇಕಿರುವುದು ಡಿಎಲ್. ಗ್ರಾಹಕರು ಡಿಜಿಲಾಕರ್ ಆ್ಯಪ್ ತೆರೆದು, ಇಲಾಖೆಯೇ ನೀಡಿದ ದಾಖಲೆಗಳ ವಿಭಾಗದಲ್ಲಿ ತೋರಿಸಲಿ. ಸ್ವತಃ ಅಪ್‌ಲೋಡ್ ಮಾಡಿದ ಚಿತ್ರಕ್ಕೆ ಬೆಲೆಯಿಲ್ಲ. ನಂಬರನ್ನು ಸಾರಿಗೆ ಇಲಾಖೆಯ ಸಾರಥಿ ತಾಣದಲ್ಲಿ ಹಾಕಿ ಅವಧಿ ಮುಗಿದಿಲ್ಲವೇ, ಗೇರ್ ಇರುವ ಬೈಕಿಗೆ ಅನುಮತಿ ಇದೆಯೇ ನೋಡಿ. ಆಧಾರ್ ತೋರಿಸಿದರೆ ಕ್ಯೂಆರ್ ಸ್ಕ್ಯಾನ್ ಮಾಡಿ, ಅದರೊಳಗಿನ ಮಾಹಿತಿಗೆ ಯುಐಡಿಎಐನ ಡಿಜಿಟಲ್ ಸಹಿ ಇರುತ್ತದೆ. ಸ್ಕ್ಯಾನ್‌ನಲ್ಲಿ ಬಂದ ಫೋಟೊ, ಹೆಸರು ಎದುರಿಗಿರುವವರಿಗೆ ಹೊಂದಬೇಕು. ಲ್ಯಾಮಿನೇಷನ್ ಹೊಳೆದು ಸ್ಕ್ಯಾನ್ ಆಗದಿದ್ದರೆ ಕಾರ್ಡನ್ನು ನೆರಳಿಗೆ ತಂದು ಸ್ವಲ್ಪ ಓರೆ ಮಾಡಿ.

ಪುಸ್ತಕದಲ್ಲಿ ಹೆಸರು, ಡಿಎಲ್ ನಂಬರ್, ಫೋನ್, ಪರಿಶೀಲಿಸಿದ ಸಮಯ ಬರೆದುಕೊಂಡರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೂ ಇದೆ. ಇಟ್ಟುಕೊಳ್ಳದ ಫೋಟೊ ಸೋರುವುದಿಲ್ಲ.

ಖಾತೆ ಮುಚ್ಚಿದ ಮೇಲೆ ನನ್ನ ವಿಡಿಯೊ ಅಳಿಸಿ ಅಂತ ಕೇಳಬಹುದಾ?

ಕೂಡಲೇ ಅಳಿಸುವುದಿಲ್ಲ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಂತೆ, ವ್ಯವಹಾರ ಕೊನೆಯಾದ ಮೇಲೂ ಗುರುತಿನ ದಾಖಲೆಗಳನ್ನು ಬ್ಯಾಂಕ್ 5 ವರ್ಷ ಇಡಬೇಕು. ವಿಡಿಯೊ ಭಾರತದೊಳಗಿನ ಸರ್ವರ್‌ನಲ್ಲೇ ಇರಬೇಕು. ಅರ್ಧಕ್ಕೆ ಬಿಟ್ಟ ಅರ್ಜಿಯದಾದರೆ ಕಥೆ ಬೇರೆ. ಖಾತೆಯೇ ಆಗದಿದ್ದಾಗ ನನ್ನ ಸೆಲ್ಫಿ ಯಾಕೆ ಬೇಕು, ಎಷ್ಟು ದಿನ ಇಡುತ್ತೀರಿ ಎಂದು ಸಂಸ್ಥೆಯ ದೂರು ಅಧಿಕಾರಿಗೆ ಬರೆದು ಕೇಳಿ. ಅರ್ಜಿ ಸಂಖ್ಯೆ ಮತ್ತು ದಿನಾಂಕ ನಮೂದಿಸಿದರೆ ಹುಡುಕಲು ಅವರಿಗೂ ಸುಲಭ.